ಪೆಡಲ್ ಮೇಲಿನ ಕಾಲು

"ಇನ್ನೊಂದು ಸಲ ಹಾಕಿ," ಎಂದಳು ಇನ್ಸ್‌ಪೆಕ್ಟರ್.

"ಮಧ್ಯಾಹ್ನದಿಂದ ಇದೇ ಆಯ್ತಲ್ಲ ಮೇಡಂ," ಎಂದು ಗೊಣಗಿದ ಸಾಧು. ಆದರೂ ಹಾಕಿದ.

ಹೆಡ್‌ಫೋನಿನಲ್ಲಿ ಮೊದಲು ಚಪ್ಪಲಿಯ ಸದ್ದು. ಆಮೇಲೆ ಬೀಗದವನ ಕೆಮ್ಮು. ಯಾರೋ ಕುರ್ಚಿ ಎಳೆದರು. ಸ್ವಲ್ಪ ಹೊತ್ತು ಏನೂ ಇಲ್ಲ. ನಂತರ ಒಂದು ಹೆಣ್ಣು ದನಿ, ಮೆತ್ತಗೆ, ಅರ್ಧ ನಗು ಬೆರೆತದ್ದು: "ರೀ, ಸ್ವಲ್ಪ ಇಲ್ಲಿ ಬನ್ನಿ. ದೀಪ ಆರಿಸಿ ಬನ್ನಿ."

ಟಕ್. ಅಲ್ಲಿಗೆ ಮುಗಿಯಿತು. ಪೆಡಲ್ ಬಿದ್ದಿತ್ತು.

ಮತ್ತೆ ಕಿವಿ ತೆರೆಯುವ ಹೊತ್ತಿಗೆ ಆ ಮನೆಯಲ್ಲಿ ಮಾತಾಡುವವರು ಯಾರೂ ಉಳಿದಿರಲಿಲ್ಲ. ಬೀಗ ರಿಪೇರಿ ಮಾಡಿಕೊಂಡಿದ್ದ ಮನುಷ್ಯ ತನ್ನ ಹೆಂಡತಿಯ ಇಸ್ತ್ರಿ ಪೆಟ್ಟಿಗೆಯಿಂದ ತಲೆಗೆ ಏಟು ತಿಂದು ನೆಲದ ಮೇಲೆ ಬಿದ್ದಿದ್ದ. ಅವನ ಹೆಂಡತಿ ಟೈಲರ್. ಮೊನ್ನೆಯಿಂದ ಇದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಅವಳನ್ನು ಕೂರಿಸಿದ್ದರು. ಸಂಜೆ ಐದಕ್ಕೆ ವ್ಯಾನು ಬರುತ್ತದೆ. ಆ ವ್ಯಾನು ಹತ್ತಿದವರನ್ನು ಆರು ತಿಂಗಳು ವಕೀಲರು ನೋಡುವಂತಿಲ್ಲ, ನ್ಯಾಯಾಧೀಶರೂ ಕೇಳುವಂತಿಲ್ಲ. ಆರು ತಿಂಗಳ ಮೇಲೆ ಹೊರಬಂದ ಕೆಲವರನ್ನು ಇನ್ಸ್‌ಪೆಕ್ಟರ್ ನೋಡಿದ್ದಳು. ಅವರನ್ನು ಬಿಡುಗಡೆಯಾದವರು ಅನ್ನುವುದು ಬರೀ ಮರ್ಯಾದೆಯ ಮಾತು.

ಈಗ ನಾಲ್ಕು ದಾಟಿತ್ತು.

ಈ ನೆಲಮಾಳಿಗೆಯಲ್ಲಿ ನಡೆಯುವ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಭಯೋತ್ಪಾದಕರನ್ನು ಹಿಡಿಯಲು ಹೊಸ ಕಾನೂನು ಬಂದಾಗ ಸರ್ಕಾರಕ್ಕೆ ಜನರ ಮನೆಯೊಳಗೊಂದು ಕಿವಿ ಬೇಕಾಯಿತು. ಜನರಿಗೆ ತಮ್ಮ ಮನೆ ತಮ್ಮದಾಗಿಯೇ ಇರಬೇಕಿತ್ತು. ಕೋರ್ಟಿನಲ್ಲಿ ವರ್ಷಗಟ್ಟಲೆ ಜಗ್ಗಾಡಿ ಕೊನೆಗೆ ಹುಟ್ಟಿದ್ದು ಈ ಪೆಡಲ್. ಗಂಡ ಹೆಂಡತಿ ಖಾಸಗಿ ಮಾತಿಗೆ ಇಳಿದರೆ ಕೇಳುತ್ತಿರುವವನು ಅದನ್ನು ಕಾಲಿನಿಂದ ಒತ್ತಬೇಕು. ಒತ್ತಿದರೆ ಕೆಂಪು ದೀಪ ಹತ್ತಿ ಯಂತ್ರ ಎರಡು ನಿಮಿಷ ಕಿವುಡಾಗುತ್ತದೆ. ಆ ಎರಡು ನಿಮಿಷ ದೇವರೇ ಬಂದು ಹೇಳಿದರೂ ತೆರೆಯುವುದಿಲ್ಲ. ಅಪರಾಧದ ಮಾತು ಬಂದರೆ ಮಾತ್ರ ಒತ್ತದೆ ಕೇಳಬಹುದು. ಯಾವುದು ಅಪರಾಧ, ಯಾವುದು ಸಂಸಾರ ಅನ್ನುವುದನ್ನು ತೀರ್ಮಾನಿಸುವುದು ಆ ಹೊತ್ತಿಗೆ ಕುರ್ಚಿಯಲ್ಲಿ ಕೂತವನ ಕಾಲು. ಇಲ್ಲಿನವರು ಇದಕ್ಕೆ ಬಾಗಿಲು ಹಾಕೋದು ಅನ್ನುತ್ತಾರೆ.

ನಿಯತ್ತಾಗಿ ಹಾಕುವವರು ಎಷ್ಟು ಜನ ಅಂತ ಮಾತ್ರ ಕೇಳಬೇಡಿ. ಹೆಚ್ಚಿನವರ ಪೆಡಲ್ ಮೇಲೆ ಧೂಳು ಕೂತಿತ್ತು. ಸಾಧುವಿನದು ಮಾತ್ರ ಕಾಲು ತಾಗಿ ತಾಗಿ ಹೊಳೆಯುತ್ತಿತ್ತು. ಸಾಧು ಅನ್ನುವ ಹೆಸರು ಅವನಿಗೆ ಬಂದದ್ದೇ ಹಾಗೆ, ಅದೂ ಗೌರವಕ್ಕೇನಲ್ಲ.

ಇನ್ನೂ ಒಂದು ರೂಢಿ ಇತ್ತು. ಯಾರ ಮನೆ ಕೇಳುತ್ತಿದ್ದೇವೆ ಅನ್ನುವುದು ಪಕ್ಕದ ಕುರ್ಚಿಗೂ ತಿಳಿಯಬಾರದು, ಹಾಗಾಗಿ ಹೆಸರು ಎತ್ತುವಂತಿಲ್ಲ. ಆದರೆ ತಿಂಗಳುಗಟ್ಟಲೆ ಒಬ್ಬರ ಕೆಮ್ಮು, ಆಕಳಿಕೆ ಕೇಳಿದ ಮೇಲೆ ಏನಾದರೂ ಅಂತ ಕರೆಯಬೇಕಲ್ಲ. ಸಾಧುವಿಗೆ ಬೀಗದವನು ಅಣ್ಣ, ಟೈಲರ್ ಅತ್ತಿಗೆ. ಪಕ್ಕದ ಕುರ್ಚಿಯವನು ಒಬ್ಬ ಮಾವನನ್ನು ಕೇಳುತ್ತಿದ್ದ, ಆಚೆ ಕುರ್ಚಿಯವಳು ಒಬ್ಬ ಅಜ್ಜಿಯನ್ನು. ಊಟಕ್ಕೆ ಕೂತಾಗ "ನಮ್ಮ ಮಾವನಿಗೆ ಶುಗರ್ ಜಾಸ್ತಿಯಾಗಿದೆ, ಹೇಳಿದ್ರೆ ಕೇಳಲ್ಲ" ಎಂದು ಸಂಕಟಪಡುತ್ತಿದ್ದರು. ತನಗೆ ಇಂಥ ಅಳಿಯನೊಬ್ಬ ಇದ್ದಾನೆ ಅನ್ನುವುದು ಪಾಪ ಆ ಮಾವನಿಗೇ ಗೊತ್ತಿರಲಿಲ್ಲ.

ಈಗ ಆ ಕುರ್ಚಿಗಳೆಲ್ಲ ಖಾಲಿ. ಇನ್ಸ್‌ಪೆಕ್ಟರ್ ಎಲ್ಲರನ್ನೂ ಹೊರಗೆ ಕಳಿಸಿದ್ದಳು.

"ಆಯ್ತಾ ಮೇಡಂ ನಿಮ್ಮ ಸಂಗೀತ?"

ಮುಖ್ಯಸ್ಥ ಬಾಗಿಲಲ್ಲಿ ನಿಂತಿದ್ದ. ಬೆನ್ನ ಹಿಂದೆ ಇವನನ್ನು ದೊಡ್ಡ ಕಿವಿ ಅನ್ನುತ್ತಿದ್ದರು. ಮೈಯಲ್ಲಿ ಎಲ್ಲವೂ ಅಚ್ಚುಕಟ್ಟು: ಇಸ್ತ್ರಿ ಮುರಿಯದ ಶರ್ಟು, ಕತ್ತರಿಸಿದ ಉಗುರು, ಎಂದೂ ಏರದ ದನಿ. ಇಂಥವರು ಕೆಟ್ಟದ್ದನ್ನು ಮಾಡುವಾಗಲೂ ದಯವಿಟ್ಟು ಅನ್ನುತ್ತಾರೆ.

"ಟೈಲರ್ ಮೊನ್ನೆ ಮಧ್ಯಾಹ್ನ ಮನೇಲೇ ಇರ್ಲಿಲ್ಲ ಅಂತಿದಾರೆ," ಎಂದಳು ಇನ್ಸ್‌ಪೆಕ್ಟರ್.

"ಮತ್ತೆಲ್ಲಿದ್ಲಂತೆ?"

"ಹೊಲಿದ ಯೂನಿಫಾರಂ ಕೊಡೋಕೆ ಹೋಗಿದ್ರು. ಬರ್ತಾ ಕಾಲು ನೋವು ಅಂತ ಪಾರ್ಕಿನ ಬೆಂಚಿನ ಮೇಲೆ ಕೂತಿದ್ರು."

"ಬೆಂಚು ಬಂದು ಸಾಕ್ಷಿ ಹೇಳುತ್ತಾ?" ಅವನು ಮೆಲ್ಲಗೆ ನಕ್ಕ. "ದನಿ ಅವಳದೇ, ಯಂತ್ರ ಹೋಲಿಸಿ ನೋಡಿದೆ. ಇಸ್ತ್ರಿ ಪೆಟ್ಟಿಗೆ ಮೇಲೆ ಬೆರಳಿನ ಗುರುತೂ ಅವಳದೇ."

"ಅವರ ಇಸ್ತ್ರಿ ಪೆಟ್ಟಿಗೆ ಮೇಲೆ ಅವರ ಬೆರಳಿಲ್ದೆ ನಿಮ್ಮದಿರುತ್ತಾ? ಬೇರೆಯವರು ಸೆರಗು ಸುತ್ತಿ ಹಿಡಿದಿದ್ರೂ ಆಯ್ತು, ಗುರುತು ಬೀಳಲ್ಲ."

"ಗಂಡ ಬಾಯಿ ಬಿಡ್ತಾನೆ ಅಂತ ಹೆದರಿ ಮುಗಿಸಿದ್ಲು. ಅಷ್ಟೇ ವಿಷಯ."

"ಯಾವುದರ ಬಗ್ಗೆ ಬಾಯಿ ಬಿಡ್ತಿದ್ದ? ಅವನು ಮಾಡಿದ್ದಾದ್ರೂ ಏನು?"

"ಬೀಗ ಹಾಕಿಕೊಟ್ಟಿದ್ದ. ಬಾಂಬು ಸಿಕ್ಕಿದ ಗೋಡೌನಿಗೆ."

"ಊರಿನ ಅರ್ಧ ಬಾಗಿಲಿಗೆ ಅವನದೇ ಬೀಗ."

"ಅದಕ್ಕೇ ಅನುಮಾನ ಜಾಸ್ತಿ ಆಯ್ತು."

"ಎಂಟು ತಿಂಗಳು ಹಗಲೂ ರಾತ್ರಿ ಕೇಳಿದ್ರಿ. ಏನು ಸಿಕ್ತು?"

"ಏನೂ ಸಿಗಲಿಲ್ಲ," ಎಂದ ಮುಖ್ಯಸ್ಥ. "ನೋಡಿ, ಎಷ್ಟು ಹುಷಾರಾಗಿದ್ರು!"

ಇದಕ್ಕೆ ಏನು ಉತ್ತರ ಕೊಡುತ್ತೀರಿ? ಮಾತಾಡಿದರೆ ಸಿಕ್ಕಿಬಿದ್ದರು, ಆಡದಿದ್ದರೆ ಮುಚ್ಚಿಟ್ಟರು.

ಅವನು ಒಂದು ಹೆಜ್ಜೆ ಒಳಗೆ ಬಂದ. "ನಾಳೆ ಸಭೆಯಲ್ಲಿ ಈ ಪೆಡಲ್ ಕಾನೂನು ಮುಂದುವರಿಸ್ಬೇಕಾ ಬೇಡ್ವಾ ಅಂತ ಚರ್ಚೆ ಇದೆ. ಆ ಪೆಡಲ್ ಹಾಕಿಸಿದ್ದು ಯಾರು? ನಿಮ್ಮ ಯಜಮಾನ್ರೇ ಅಲ್ವಾ, ಕೋರ್ಟಲ್ಲಿ ಗಂಟಲು ಹರ್ಕೊಂಡು? ಆ ಎರಡು ನಿಮಿಷ ನಮ್ಮ ಕಿವಿ ತೆರೆದಿದ್ರೆ ಬೀಗದವನು ಸಾಯೋದು ಕೇಳಿಸ್ತಿತ್ತು. ನಮ್ಮ ಜನ ಓಡ್ತಿದ್ರು. ಬದುಕಿದ್ರೂ ಬದುಕ್ತಿದ್ದ. ಮನೆಗೆ ಹೋದಾಗ ಯಜಮಾನ್ರಿಗೆ ನನ್ನ ನಮಸ್ಕಾರ ಹೇಳಿ."

ಇನ್ಸ್‌ಪೆಕ್ಟರಿಗೆ ಮೈಯೆಲ್ಲ ಉರಿದುಹೋಯಿತು. ಅವನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು, ಅದಕ್ಕೇ ಇನ್ನೂ ಉರಿಯಿತು. ಪೆಡಲ್ ತೀರ್ಪು ಬಂದ ದಿನ ವಕೀಲನಾದ ಅವಳ ಗಂಡ ಮನೆಗೆ ಬಂದು ಮಗುವಿನ ಹಾಗೆ ಅತ್ತಿದ್ದ. ಇನ್ನು ಮೇಲೆ ಜನ ತಮ್ಮ ಮನೆಯಲ್ಲಿ ಪಿಸುಗುಟ್ಟಬೇಕಾಗಿಲ್ಲ ಅಂದಿದ್ದ.

"ಇನ್ನೊಂದು ಸಲ," ಎಂದಳು ಸಾಧುವಿಗೆ.

ಈ ಸಲ ಅವಳು ದನಿಯನ್ನು ಕೇಳಲಿಲ್ಲ. ದನಿಯ ಹಿಂದೆ ಇದ್ದದ್ದನ್ನು ಕೇಳಿದಳು. ಕಿರ್... ಕಿರ್... ಕಿರ್... ಮೂರ್ನಾಲ್ಕು ಸಲ ಬಂದು ಪೆಡಲ್ ಜೊತೆಗೆ ನಿಂತಿತು.

"ಆ ಕಿರಕಿರ ಏನು?"

"ಅದಾ?" ಸಾಧು ಸಣ್ಣಗೆ ನಕ್ಕ. "ಅತ್ತಿಗೆ ಹೊಲಿಯೋ ರೂಮಿನ ಫ್ಯಾನು ಮೇಡಂ. ನಮ್ಮ ಜೀವ ತಿಂದುಹಾಕಿದೆ. ಮನೆಗೆ ಹೋದ್ರೂ ಕಿವೀಲಿ ಅದೇ. ಕೊನೆಗೂ ಅಣ್ಣ ಅದನ್ನ..."

ಅವನು ಅಲ್ಲಿಗೇ ನಿಂತ.

"ಅದನ್ನ?"

"ಬಿಚ್ಚಿ ಗ್ರೀಸ್ ಹಾಕಿದ. ಹೋದ ವಾರದ ಹಿಂದಿನ ವಾರ. ಆವತ್ತು ನಾನು ಪಕ್ಕದವನಿಗೆ ಟೀ ಕೊಡಿಸಿದೆ."

"ಬೆಳಿಗ್ಗೆ ನಾನು ಆ ಮನೆಗೆ ಹೋಗಿದ್ದೆ. ಫ್ಯಾನು ಹಾಕಿ ನೋಡಿದೆ. ತಿರುಗ್ತಿದೆಯೋ ಇಲ್ವೋ ಅಂತ ತಲೆ ಎತ್ತಿ ನೋಡ್ಬೇಕು, ಅಷ್ಟು ಮೆತ್ತಗಿದೆ. ಮತ್ತೆ ಮೊನ್ನೆ ಅದು ಕಿರುಗುಟ್ಟಿದ್ದು ಹೇಗೆ?"

ಸಾಧು ಯಂತ್ರದ ಗುಂಡಿಯಿಂದ ಕೈ ತೆಗೆದ.

"ಇನ್ನೂ ಕೇಳಿ. ಚಪ್ಪಲಿ ಸದ್ದಾಗುವಾಗ ಫ್ಯಾನಿಲ್ಲ. ಕುರ್ಚಿ ಎಳೆಯುವಾಗ ಫ್ಯಾನಿಲ್ಲ. ದನಿ ಜೊತೆಗೇ ಹುಟ್ಟುತ್ತೆ. ಅಲ್ಲಿ ಟೈಲರ್ ಇರ್ಲಿಲ್ಲ. ಟೈಲರ್ ದನಿ ಇತ್ತು. ಯಾರೋ ಹಳೇ ರೆಕಾರ್ಡಿಂಗ್ ತಂದು ಬೀಗದವನ ಮುಂದೆ ಹಾಕಿದಾರೆ." ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. "ಮಧ್ಯಾಹ್ನದ ಬಿಸಿಲಲ್ಲಿ ದೀಪ ಆರಿಸಿ ಬನ್ನಿ ಅಂತ ಯಾರು ಕರೀತಾರೆ? ಕಿಟಕಿಯಿಲ್ಲದ ಈ ಗುಹೆಯಲ್ಲಿ ಕೂತವರಿಗೆ ಹಗಲು ರಾತ್ರಿ ಒಂದೇ, ಅದಕ್ಕೇ ನಿಮಗದು ಹೊಳೀಲಿಲ್ಲ."

"ಗಂಡ ಹೆಂಡತಿ ಗಡಿಯಾರ ನೋಡ್ಕೊಂಡು ಕರೀತಾರಾ ಮೇಡಂ?" ಎಂದ ಮುಖ್ಯಸ್ಥ. ಆದರೆ ನಗು ಮುಖಕ್ಕೆ ಸರಿಯಾಗಿ ಕೂರಲಿಲ್ಲ.

"ಆ ಮನೆಯೊಳಗಿನ ದನಿ ಹಿಡಿಯೋ ಯಂತ್ರ ಈ ಊರಲ್ಲಿ ಎಲ್ಲಿದೆ, ನೀವೇ ಹೇಳಿ. ಮತ್ತೆ, ಈ ದನಿ ಕೇಳಿದ ಕೂಡಲೇ ಮರ್ಯಾದೆಯಿಂದ ಬಾಗಿಲು ಹಾಕೋ ಮನುಷ್ಯ ಇಲ್ಲಿ ಒಬ್ಬನೇ. ಅದು ಗೊತ್ತಿದ್ದು, ಅವನ ಪಾಳಿ ನೋಡ್ಕೊಂಡು ಯಾರೋ ಹೋಗಿದಾರೆ."

ಹೇಳುತ್ತ ಅವಳು ಮುಖ್ಯಸ್ಥನನ್ನೇ ನೋಡಿದಳು.

"ನನ್ನನ್ನ ಯಾಕೆ ನೋಡ್ತೀರಾ?"

"ಸುಮ್ನೆ."

ಕೋಣೆಯಲ್ಲಿ ಒಂದು ಸಣ್ಣ ಸದ್ದಿತ್ತು. ಟಿಕಿಟಿಕಿ ಅಂತ. ಇನ್ಸ್‌ಪೆಕ್ಟರ್ ತಲೆ ತಗ್ಗಿಸಿ ನೋಡಿದಳು. ಸಾಧುವಿನ ಕಾಲು ಪೆಡಲ್ ಪಕ್ಕದಲ್ಲಿ ತಡೆಯಲಾಗದೆ ನಡುಗುತ್ತಿತ್ತು. ನಡುಗಿ ನಡುಗಿ ಪ್ಯಾಂಟಿನ ಅಂಚು ಸ್ವಲ್ಪ ಮಡಚಿಕೊಂಡಿತ್ತು. ಒಳಬದಿಯಲ್ಲಿ ಕೆಂಪು ದಾರದ ಒಂದು ಪುಟ್ಟ ಕತ್ತರಿ ಗುರುತು.

ಇಂಥ ಕೆಂಪು ಕತ್ತರಿಯನ್ನು ಅವಳು ಬೆಳಿಗ್ಗೆ ಟೈಲರ್ ಮನೆಯಲ್ಲಿ ನೋಡಿದ್ದಳು. ಹಗ್ಗಕ್ಕೆ ನೇತುಹಾಕಿದ್ದ ಪ್ರತಿ ಬಟ್ಟೆಯ ಅಂಚಿನ ಒಳಬದಿಯಲ್ಲೂ ಅದಿತ್ತು. ತಾನು ಮುಗಿಸಿದ ಕೆಲಸ ಅಂತ ತಿಳಿಯಲಿ ಎಂದು ಟೈಲರ್ ಹಾಕುತ್ತಿದ್ದ ಗುರುತು. ಯಾರದೋ ಮನೆ ಕೇಳುವವನು ಆ ಮನೆಯ ಬೀದಿಗೂ ಕಾಲಿಡಬಾರದು ಅನ್ನುವುದು ಈ ಕೆಲಸದ ಮೊದಲ ನಿಯಮ.

ದೊಡ್ಡ ಕಿವಿಯ ಕುತಂತ್ರ ಹುಡುಕುತ್ತ ಬಂದವಳಿಗೆ ಸಿಕ್ಕಿದ್ದು ಈ ಮನುಷ್ಯ.

"ಸಾಧು, ಈ ಪ್ಯಾಂಟು ಎಲ್ಲಿ ಹೊಲಿಸಿದ್ದು?"

"ರೆಡಿಮೇಡ್ ಮೇಡಂ."

"ಉದ್ದ ಕಡಿಮೆ ಮಾಡಿದ್ದು ಯಾರು?"

ಅವನು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. ಅಷ್ಟೇ ಸಾಕಾಗಿತ್ತು.

"ಒಂದೇ ಒಂದು ಸಲ ಹೋಗಿದ್ದೆ," ಎಂದ. ದನಿ ಪಾತಾಳಕ್ಕೆ ಇಳಿದಿತ್ತು. "ಇಷ್ಟು ತಿಂಗಳು ಕೇಳಿದೀನಿ, ಮುಖ ಹೇಗಿದೆ ಅಂತ ನೋಡ್ಬೇಕು ಅನ್ನಿಸ್ತು. ಏನೂ ತಪ್ಪು ಮಾಡಿಲ್ಲ ಮೇಡಂ. ಬಗ್ಗಿ ಅಳತೆ ತಗೊಂಡ್ರು. ಕಾಲು ನೇರ ಇಡಿ ಅಣ್ಣಾ ಅಂದ್ರು. ಅಷ್ಟೇ, ಬಂದ್ಬಿಟ್ಟೆ."

"ದನಿ ಹೇಗೆ ಹೊರಗೆ ಹೋಯ್ತು?"

"ಟಿಫಿನ್ ಡಬ್ಬೀಲಿ. ಚಿಕ್ಕ ರೆಕಾರ್ಡರ್ ಒಂದಿತ್ತು. ಆ ಒಂದು ಮಾತು ಮಾತ್ರ. ಪೆಡಲ್ ಒತ್ತೋಕೆ ಮೊದಲಿಂದು. ಆಮೇಲಿಂದು ಒಂದಕ್ಷರ ನಾನು ಕೇಳಿಲ್ಲ. ಕಾನೂನು ಮುರಿದಿಲ್ಲ ಮೇಡಂ."

ಹೇಳಿ ಅವನು ಆಸೆಯಿಂದ ಅವಳ ಮುಖ ನೋಡಿದ. ಆ ಮಾತನ್ನು ಅವನು ನಿಜಕ್ಕೂ ನಂಬಿದ್ದ. ಇವನಿಗೆ ಕಪಾಳಕ್ಕೆ ಬಿಗಿಯಬೇಕೋ, ಪಾಪ ಅನ್ನಬೇಕೋ ಅವಳಿಗೆ ತಿಳಿಯಲಿಲ್ಲ.

"ಯಾಕೆ ಬೇಕಿತ್ತು ಅದು?"

"ನನ್ನನ್ನ ಯಾರೂ ಹಾಗೆ ಕರೆಯಲ್ಲ."

ಮುಖ್ಯಸ್ಥ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದ.

"ಮನೇಲಿ ಯಾರಿದ್ದಾರೆ?" ಎಂದಳು ಇನ್ಸ್‌ಪೆಕ್ಟರ್.

"ಹೆಂಡತಿ ಒಬ್ಬಳೇ."

"ನಿಮ್ಮ ಕೆಲಸ ಏನು ಅಂತ ಆಕೆಗೆ ಗೊತ್ತಾ?"

"ಟೆಲಿಫೋನ್ ಬಿಲ್ಲಿನ ಆಫೀಸು ಅಂದಿದೀನಿ. ಪ್ರಮಾಣ ಮಾಡಿಸ್ಕೊಂಡಿದಾರಲ್ಲ, ಹೆಂಡತಿಗೆ ಹೇಳಿದ್ರೂ ಜೈಲು."

"ಆ ರೆಕಾರ್ಡರ್ ಈಗೆಲ್ಲಿ?"

"ಸಿಗ್ತಿಲ್ಲ. ವಾರ ಆಯ್ತು." ಅವನು ತುಟಿ ಸವರಿಕೊಂಡ. "ಅವಳು ಒಂದಿನ ಕೇಳಿದ್ಲು. ಯಾರವಳು, ಅಂತ."

"ನೀವೇನಂದ್ರಿ?"

"ಏನಂತ ಹೇಳ್ಲಿ? ಹೇಳೋ ಹಾಗಿರ್ಲಿಲ್ಲ. ಸುಮ್ನಿದ್ದೆ."

"ಪ್ಯಾಂಟು ಹಾಕಿಕೊಟ್ಟ ಚೀಲದ ಮೇಲೆ ಅಂಗಡಿ ವಿಳಾಸ ಇತ್ತಾ?"

ಸಾಧು ತಲೆಯಾಡಿಸಿದ. ಆ ಚೀಲ ಅವನ ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿತ್ತು. ಅವನ ಹೆಂಡತಿ ಅದರಲ್ಲೇ ತರಕಾರಿ ತರುತ್ತಿದ್ದಳು.

"ಮೊನ್ನೆ ಆ ದನಿ ಕೇಳಿದಾಗ ನಿಮಗೆ ಗೊತ್ತಾಗ್ಲಿಲ್ವಾ? ದಿನಾ ಮನೇಲಿ ಕೂತು ಕೇಳಿದ್ದು ಅದೇ ದನಿ, ಅದೇ ಫ್ಯಾನು."

"ಅತ್ತಿಗೆ ದಿನಾ ಹಾಗೇ ಕರೀತಿದ್ರು ಮೇಡಂ." ಆಮೇಲೆ ಇನ್ನೂ ಮೆಲ್ಲಗೆ ಅಂದ: "ಗೊತ್ತಾಗೋದು ಬೇಡ ಅಂತ ಇದ್ದೆ."

ಹಾಗಾದರೆ ಇಷ್ಟೇ. ಶತ್ರು ದೇಶವಿಲ್ಲ, ಸಂಚಿಲ್ಲ, ಬಾಂಬಿನ ನೆರಳೂ ಇಲ್ಲ. ತನ್ನ ಗಂಡನನ್ನು ಮೆತ್ತಗೆ ಕರೆಯುವ ಇನ್ನೊಬ್ಬಳು ಯಾರು ಎಂದು ಕೇಳಲು ಒಬ್ಬ ಹೆಂಗಸು ಮನೆಯಿಂದ ಹೊರಟಳು. ಆ ಇನ್ನೊಬ್ಬಳು ಸಿಗಲಿಲ್ಲ, ಅವಳ ಗಂಡ ಸಿಕ್ಕ. ಅವನ ಮುಂದೆ ಇವಳು ಆ ರೆಕಾರ್ಡಿಂಗ್ ಹಾಕಿದಳು. ಮೈಲಿ ದೂರದಲ್ಲಿ ಕೂತಿದ್ದ ಇವಳ ಗಂಡ ಅದನ್ನು ಕೇಳಿ ಸಜ್ಜನನ ಹಾಗೆ ಬಾಗಿಲು ಹಾಕಿಕೊಂಡ. ಮುಂದಿನ ಎರಡು ನಿಮಿಷದಲ್ಲಿ ನಡೆದದ್ದು ಅವಳಿಗೊಬ್ಬಳಿಗೇ ಗೊತ್ತು.

"ವ್ಯಾನು ನಿಲ್ಲಿಸಿ," ಎಂದಳು ಇನ್ಸ್‌ಪೆಕ್ಟರ್.

ಮುಖ್ಯಸ್ಥನಿಗೆ ಉಸಿರು ಮರಳಿ ಬಂದಿತ್ತು. ತನ್ನ ಮೇಲೆ ಬರುತ್ತಿದ್ದ ಅನುಮಾನ ದಿಕ್ಕು ತಿರುಗಿ ಬೇರೆಯವನ ಮನೆಗೆ ಹೋಯಿತಲ್ಲ. "ಫ್ಯಾನು ಕಿರುಗುಟ್ಟಿತು ಅಂತ ನಾನು ವ್ಯಾನು ನಿಲ್ಲಿಸೋದಾ? ನಮ್ಮ ಕುರ್ಚಿಯಲ್ಲಿ ಕೂತವನೇ ಜನರ ಹೆಂಡತಿ ದನಿ ಕದ್ದು ಡಬ್ಬೀಲಿ ಹೊತ್ಕೊಂಡು ಹೋದ ಅಂತ ನಾಳೆ ಸಭೆಗೆ ಹೇಳೋದಾ?"

"ನಿಜ ಅದೇ ಆದ್ರೆ ಅದನ್ನೇ ಹೇಳ್ಬೇಕು."

"ಆಗಲಿ. ಇವನ ಹೆಂಡತಿ ಬಾಯಿಂದ ಬರಲಿ. ಇದೇ ಯಂತ್ರದಲ್ಲಿ ಬರಲಿ. ನಾನೇ ಮಾಡಿದೆ ಅಂತ ಒಂದು ವಾಕ್ಯ ಸಾಕು, ಆ ಕ್ಷಣ ವ್ಯಾನು ನಿಲ್ಲಿಸ್ತೀನಿ. ಮಾತು ಕೊಡ್ತೀನಿ, ದಯವಿಟ್ಟು ಪ್ರಯತ್ನ ಮಾಡಿ." ಅವನು ಒಂದು ಕುರ್ಚಿ ಎಳೆದುಕೊಂಡು ನಾಟಕ ನೋಡುವವನ ಹಾಗೆ ಕಾಲು ಮೇಲೆ ಕಾಲು ಹಾಕಿದ. "ಆದ್ರೆ ಮೇಡಂ, ಅದು ಗಂಡ ಹೆಂಡತಿ ಮಾತು. ಪೆಡಲ್ ಇದೆ."

"ಅಪರಾಧದ ಮಾತು ಬಂದ್ರೆ ಒತ್ತಬೇಕಾಗಿಲ್ಲ. ಕಾನೂನು ನನಗೂ ಬರುತ್ತೆ."

"ಸರಿ. ತೀರ್ಮಾನ ಮಾತ್ರ ಕೂತವನದು. ಬೇರೆಯವರ ಕಾಲು ಅಲ್ಲಿಗೆ ಹೋಗೋ ಹಾಗಿಲ್ಲ."

ಸಾಧು ಇಬ್ಬರನ್ನೂ ನೋಡಿದ. "ನನ್ನ ಕೈಲಾಗಲ್ಲ."

ಇನ್ಸ್‌ಪೆಕ್ಟರ್ ಅವನ ಮುಂದೆ ಮಂಡಿಯೂರಿ ಕೂತಳು. "ಮೇಲೆ ಕೂತಿರೋರು ಮೊನ್ನೆಯಿಂದ ನೀರು ಕೂಡ ಮುಟ್ಟಿಲ್ಲ. ಗಂಡನ ಮುಖ ಕೊನೇ ಸಲ ನೋಡೋಕೂ ಬಿಟ್ಟಿಲ್ಲ. ಐದಕ್ಕೆ ವ್ಯಾನು ಹತ್ತಿದ್ರೆ ಆ ಹೆಂಗಸು ಮತ್ತೆ ಸೂಜಿಗೆ ದಾರ ಪೋಣಿಸೋ ಹಾಗೆ ವಾಪಸ್ ಬರಲ್ಲ. ಅದು ನಿಮಗೂ ಗೊತ್ತು. ನಿಮ್ಮನ್ನ ಅಣ್ಣಾ ಅಂದೋರು."

"ಇವಳು ನನ್ನ ಹೆಂಡತಿ ಮೇಡಂ."

"ಗೊತ್ತು."

ಗಂಡನ ಕೈಯಲ್ಲೇ ಹೆಂಡತಿಯ ಕೊರಳಿಗೆ ಹಗ್ಗ ಹಾಕಿಸುತ್ತಿದ್ದೇನೆ ಅನ್ನುವುದೂ ಅವಳಿಗೆ ಗೊತ್ತಿತ್ತು. ಇಂಥದ್ದು ನಡೆಯಬಾರದು ಅಂತಲೇ ಅವಳ ಗಂಡ ಕೋರ್ಟಿನಲ್ಲಿ ಗಂಟಲು ಹರಿದುಕೊಂಡಿದ್ದ. ನಾಚಿಕೆಯಾಯಿತು. ಆದರೂ ಫೋನು ಎತ್ತಿ ಅವನ ಕೈಗೆ ಕೊಟ್ಟಳು.

ಕೇಳುವವರನ್ನೂ ನಂಬದ ಜಾಗ ಅದು. ಒಳಗೆ ಬರುವವರ ಮೊಬೈಲುಗಳೆಲ್ಲ ಹೊರಗಿನ ಕಪಾಟಿನಲ್ಲಿರುತ್ತಿದ್ದವು. ಒಳಗಿದ್ದದ್ದು ಒಂದೇ ಫೋನು, ಅದರ ತಂತಿಯೂ ಯಂತ್ರದೊಳಗಿಂದಲೇ ಹಾದುಹೋಗುತ್ತಿತ್ತು. ಸಾಧು ನಂಬರು ಒತ್ತಿದ. ಹೆಡ್‌ಫೋನ್ ಹಾಕಿಕೊಂಡ. ಇನ್ನೊಂದನ್ನು ಇನ್ಸ್‌ಪೆಕ್ಟರ್ ಹಾಕಿಕೊಂಡಳು, ಮತ್ತೊಂದನ್ನು ಮುಖ್ಯಸ್ಥ. ಹಸಿರು ದೀಪ ಹತ್ತಿತು.

ರಿಂಗಾಯಿತು. ಬಹಳ ಹೊತ್ತು ಆಯಿತು. ಆಮೇಲೆ ಎತ್ತಿದ ಸದ್ದು.

ಹಲೋ ಇಲ್ಲ.

ಕಿರ್... ಕಿರ್... ಕಿರ್...

"ರೀ, ಸ್ವಲ್ಪ ಇಲ್ಲಿ ಬನ್ನಿ. ದೀಪ ಆರಿಸಿ ಬನ್ನಿ."

ಇನ್ಸ್‌ಪೆಕ್ಟರ್ ಹೆಡ್‌ಫೋನನ್ನು ಕಿವಿಗೆ ಒತ್ತಿಹಿಡಿದಳು. ದನಿ ನಿಂತಿತು, ಫ್ಯಾನೂ ನಿಂತಿತು. ಆಮೇಲೆ ಬೇರೊಂದು ದನಿ ಬಂತು, ನಿದ್ದೆಯಿಲ್ಲದೆ ಒಡೆದದ್ದು.

"ಇವಳು ಕರೆದ್ರೆ ಬರ್ತೀರಲ್ಲ?"

"ಅದು... ಎಲ್ಲಿ ಸಿಕ್ತು ನಿನಗೆ?" ಎಂದ ಸಾಧು.

"ನಿಮ್ಮ ಡಬ್ಬೀಲೇ. ನಾನು ಅನ್ನ ತುಂಬಿ ಕಳಿಸ್ತಿದ್ದೆ, ನೀವು ಇವಳನ್ನ ತುಂಬ್ಕೊಂಡು ಬರ್ತಿದ್ರಿ."

"ನೀನು ಎಲ್ಲಿಗೆ ಹೋಗಿದ್ದೆ ಮೊನ್ನೆ?"

ಮೂಗು ಏರಿಸಿದ ಸದ್ದು ಬಂತು.

"ಬಾಯಿ ಬಿಟ್ಟು ಹೇಳು."

"ಹೇಳ್ತೀನಿ. ಇವತ್ತು ಹೇಳ್ತೀನಿ. ನಾನು ಮಾತಾಡಿದ್ರೆ ನಿಮಗೆ ಕಿವಿ ನೋವು. ಮನೆಗೆ ಬಂದ ಕೂಡ್ಲೇ ಕಿವಿಗೆ ಹತ್ತಿ ಇಟ್ಕೊಂಡು ಗೋಡೆ ಕಡೆ ತಿರುಗಿ ಮಲಗ್ತೀರಿ. ಬಿಲ್ಲು ಬರೆಯೋರಿಗೆ ಕಿವಿ ಯಾಕೆ ನೋಯುತ್ತೆ, ಹೇಳಿ? ನಾನೂ ಇವಳ ಹಾಗೇ ಕರೀತಿದ್ದೆ ಮೊದಲು. ನೆನಪಿದ್ಯಾ ನಿಮಗೆ? ಇಲ್ಲ. ನೀವು ಕೇಳಿಸ್ಕೊಂಡಿದ್ರೆ ತಾನೇ ನೆನಪಿರೋದು?"

ಸಾಧುವಿನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಇನ್ಸ್‌ಪೆಕ್ಟರ್ ಅವನ ಕಾಲನ್ನೇ ನೋಡುತ್ತಿದ್ದಳು. ಅದು ಪೆಡಲಿನಿಂದ ಒಂದು ಗೇಣು ದೂರದಲ್ಲಿತ್ತು. ನಡುಗುತ್ತಿರಲಿಲ್ಲ.

"ಕೇಳಿಸ್ಕೋತಿದೀರಾ?" ಎಂದಳು ಹೆಂಡತಿ.

"ಕೇಳಿಸ್ಕೋತಿದೀನಿ."

"ಒಂದೇ ಒಂದು ಸಲ ಪೂರ್ತಿ ಕೇಳಿಸ್ಕೊಳ್ಳಿ. ಮಧ್ಯದಲ್ಲಿ ಎದ್ದು ಹೋಗ್ಬೇಡಿ. ಆಮೇಲೆ ಏನು ಬೇಕಾದ್ರೂ ಮಾಡಿ ನನ್ನನ್ನ." ಉಸಿರು ಎಳೆದುಕೊಂಡಳು. ದನಿ ತಟ್ಟನೆ ಮೆತ್ತಗಾಯಿತು, ಬಹಳ ವರ್ಷದ ಹಿಂದಿನ ದನಿ ಇರಬೇಕು ಅದು. "ರೀ... ಮೊನ್ನೆ ಮಧ್ಯಾಹ್ನ ನಾನು..."

ಟಕ್.

ಕೆಂಪು ದೀಪ ಹತ್ತಿತು.

ಯಾರಿಗೂ ಒಂದು ಕ್ಷಣ ಏನಾಯಿತೆಂದೇ ತಿಳಿಯಲಿಲ್ಲ. ಸಾಧು ತಲೆ ತಗ್ಗಿಸಿ ನೋಡಿದ. ಅವನ ಕಾಲು ಪೆಡಲ್ ಮೇಲಿತ್ತು. ಅದು ಬೇರೆ ಯಾರದೋ ಕಾಲು ಅನ್ನುವ ಹಾಗೆ ನೋಡುತ್ತಲೇ ಕೂತ.

"ತೆಗೀರಿ!" ಇನ್ಸ್‌ಪೆಕ್ಟರ್ ಅವನ ಕಾಲು ಹಿಡಿದು ಎಳೆದಳು. ಪೆಡಲ್ ಮೇಲೆ ಬಂತು. ದೀಪ ಕೆಂಪಾಗಿಯೇ ಇತ್ತು. "ಯಾಕೆ ಒತ್ತಿದ್ರಿ? ಯಾಕೆ?"

"ನಾನಲ್ಲ ಮೇಡಂ," ಎಂದ ಸಾಧು. "ಅವಳು ರೀ ಅಂದ್ಲು. ಹಾಗೆ ಕರೆದ್ರೆ... ನಾನು ಯಾವಾಗ್ಲೂ..."

ಅಭ್ಯಾಸವೋ, ಹೆಂಡತಿಯನ್ನು ಉಳಿಸಿಕೊಂಡನೋ? ಅವನ ಮುಖ ನೋಡಿದರೆ ಅವನಿಗೂ ತಿಳಿದಂತಿರಲಿಲ್ಲ. ಸತ್ತ ಹೆಡ್‌ಫೋನು ಅವನ ಕಿವಿಯಲ್ಲೇ ಇತ್ತು. ತಂತಿಯ ಆ ಕಡೆ ಅವನ ಹೆಂಡತಿ ಈಗ ಎಲ್ಲವನ್ನೂ ಹೇಳುತ್ತಿರಬೇಕು. ಕೊನೆಗೂ ಗಂಡ ಕೇಳಿಸಿಕೊಳ್ಳುತ್ತಿದ್ದಾನೆ ಅಂದುಕೊಂಡು ಒಂದನ್ನೂ ಬಿಡದೆ ಹೇಳುತ್ತಿರಬೇಕು.

ಮುಖ್ಯಸ್ಥ ತನ್ನ ಹೆಡ್‌ಫೋನ್ ತೆಗೆದು, ತಂತಿ ಸುತ್ತಿ, ಅದರ ಜಾಗದಲ್ಲಿ ಇಟ್ಟ. "ಒಂದು ವಾಕ್ಯ ಅಂದಿದ್ದೆ. ಅರ್ಧವೂ ಬರ್ಲಿಲ್ಲ. ಅವನದೇನೂ ತಪ್ಪಿಲ್ಲ ಮೇಡಂ, ಕಾನೂನು ಪಾಲಿಸಿದಾನೆ."

"ಎರಡು ನಿಮಿಷ ತಾಳಿ. ಮತ್ತೆ ಕೇಳೋಣ. ಐದಕ್ಕೆ ಇನ್ನೂ ಹೊತ್ತಿದೆ."

"ಐದಕ್ಕೆ ಅಂತ ಹೇಳಿದ್ದು ನಿಮಗೆ," ಎಂದ ಅವನು. "ಡ್ರೈವರಿಗೆ ನಾಲ್ಕೂವರೆಗೆ ಹೇಳಿದ್ದೆ."

ಅವಳು ಬಾಗಿಲ ಕಡೆ ಓಡಿದಳು. ಅಷ್ಟರಲ್ಲಿ ಗೋಡೆಯ ಮೇಲ್ತುದಿಯಲ್ಲಿದ್ದ ಗಾಳಿಗಂಡಿಯಿಂದ, ಅಂಗಳದ ಕಡೆಯಿಂದ, ಒಂದು ದನಿ ಕೇಳಿಸಿತು. ದಣಿದ, ಸಾಮಾನ್ಯ ಹೆಣ್ಣು ದನಿ.

"ಸ್ವಲ್ಪ ತಾಳಿ ಅಣ್ಣಾ, ಚಪ್ಪಲಿ ಹಾಕ್ಕೋತೀನಿ."

ಸಾಧು ಹೆಡ್‌ಫೋನ್ ಕಿತ್ತು ಎಸೆದು ಎದ್ದು ನಿಂತ. ಎಂಟು ತಿಂಗಳಲ್ಲಿ ಆ ದನಿಯನ್ನು ಅವನು ಯಂತ್ರವಿಲ್ಲದೆ ಕೇಳಿದ್ದು ಇದು ಎರಡನೇ ಸಲ.

ವ್ಯಾನಿನ ಬಾಗಿಲು ಹಾಕಿಕೊಂಡ ಸದ್ದು ಮೂವರಿಗೂ ಕೇಳಿಸಿತು. ಮೇಜಿನ ಮೇಲೆ ಕೆಂಪು ದೀಪ ಇನ್ನೂ ಉರಿಯುತ್ತಿತ್ತು.